ಬ್ರೇಕ್ ಇದ್ದ ಗಾಡಿ

ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ಸ್ಪೀಡ್‌ವೇ ರೇಸಿನ ಬೈಕಿಗೆ ಬ್ರೇಕ್ ಇರುವುದಿಲ್ಲ. ಲೆಶ್ನೊ ಊರಿನಲ್ಲಿ ತೊಟ್ಟಿಲ ಕೂಸಿಗೂ ಇದು ಗೊತ್ತು. ಅಂಥ ಬೈಕ್ ಹತ್ತಿ, ಕಬ್ಬಿಣದ ಅಟ್ಟೆಯ ಬೂಟು ತೊಟ್ಟ ಎಡಗಾಲನ್ನು ತಿರುವಿನಲ್ಲಿ ಊರುತ್ತ, ಬಾಯಿ ತುಂಬ ಮಣ್ಣು ತಿನ್ನುತ್ತ ಝೆನೊನ್ ತನ್ನ ಪ್ರಾಯವನ್ನೆಲ್ಲ ಸುತ್ತು ಹೊಡೆದೇ ಕಳೆದ. ಆದರೂ ಊರಿನವರಿಗೆ ಅವನ ಹೆಸರು ನೆನಪಾಗುತ್ತಿದ್ದುದು ಗೆರಾರ್ಡನ ಹೆಸರು ಬಂದ ಮೇಲೆಯೇ.

ಗೆರಾರ್ಡ್ ಅವನ ಹೆಂಡತಿ ಬೊಜೆನಾಳ ತಮ್ಮ. ಪ್ರತಿ ಓಟಕ್ಕೂ ತಂಡಕ್ಕಿಬ್ಬರು ಸವಾರರು. ಭಾವ-ಮೈದುನರದು ಒಂದು ಜೋಡಿ. ಎದುರಾಳಿಗಳಿಗೆ ಅಡ್ಡ ಹಾಕಿ ಗೆರಾರ್ಡನನ್ನು ಮುಂದೆ ಬಿಡುವುದು ಝೆನೊನನ ಪಾಲಿನ ಕೆಲಸ. ಗೆದ್ದ ಜೊತೆಗಾರನ ಬೆನ್ನಿಗೇ ಎರಡನೆಯವನಾಗಿ ಬಂದವನ ಅಂಕದ ಪಕ್ಕ ಒಂದು ನಕ್ಷತ್ರ ಬರೆಯುತ್ತಾರೆ. ಝೆನೊನನ ಸಂಪಾದನೆಯೆಲ್ಲ ಅದೇ.

“ಮನೆ ತುಂಬ ನಕ್ಷತ್ರ, ಒಂದು ಕಪ್ ಇಲ್ಲ! ನನ್ನ ತಮ್ಮನ ಬೆನ್ನು ನೋಡ್ಕೊಂಡೇ ಮುದುಕ ಆಗ್ಬಿಟ್ರಿ,” ಎಂದು ಬೊಜೆನಾ ಚುಚ್ಚುತ್ತಿದ್ದಳು.

“ಏನ್ಮಾಡ್ಲಿ, ಅವನ ಮುಖಕ್ಕಿಂತ ಬೆನ್ನೇ ವಾಸಿ ಕಣೇ.”

ಬೈಕಿನಿಂದ ಬಿದ್ದು ಸೊಂಟ ಮುರಿದ ಮೇಲೆ ಝೆನೊನ್ ಅದೇ ಟ್ರ್ಯಾಕಿನ ಮಣ್ಣು ಹರಗುವ ಟ್ರ್ಯಾಕ್ಟರ್ ಓಡಿಸಿದ. ಆಮೇಲೆ ಪಂದ್ಯದ ದಿನ ಮೈದುನನ ಜೊತೆ ಸೂರ್ಯಕಾಂತಿ ಬೀಜ ಮೆಲ್ಲುತ್ತ ಕೂರುವುದು ಅಭ್ಯಾಸವಾಯಿತು. ಅಷ್ಟರಲ್ಲಿ ಗೆರಾರ್ಡನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಗಾಲಿಕುರ್ಚಿಗೆ ಬಿದ್ದವನು ಹೊಸ್ತಿಲು ದಾಟಲೇ ಇಲ್ಲ. ಝೆನೊನ್ ಭಾನುವಾರ ಭಾನುವಾರ ಕೋಳಿ ಸಾರು ಹೊತ್ತು ಹೋಗುತ್ತಿದ್ದ. ಆ ಕೋಣೆಯಲ್ಲೇ ಇವನು ಒಣಗಿಹೋಗುತ್ತಾನಲ್ಲ ಎಂದು ಬೊಜೆನಾಳ ಹತ್ತಿರ ಗೊಣಗುತ್ತಿದ್ದ.

ಆ ವಸಂತದಲ್ಲಿ ಕ್ಲಬ್ಬಿನವರು ಹಳೆಯ ಸವಾರರನ್ನೆಲ್ಲ ಪಂದ್ಯಕ್ಕೆ ಮುಂಚೆ ಟ್ರ್ಯಾಕಿನಲ್ಲಿ ಒಂದು ಸುತ್ತು ನಡೆದು ಬರಲು ಕರೆದರು.

“ನಾನು ಬರಲ್ಲ ಭಾವ. ಊರೆಲ್ಲ ನೋಡ್ತಿರುವಾಗ ಇನ್ನೊಬ್ಬರ ಕೈಲಿ ತಳ್ಳಿಸ್ಕೊಳ್ಳಲಾ?”

“ನಿನ್ನ ಬಿಗುಮಾನಕ್ಕಿಷ್ಟು ಬೆಂಕಿ ಹಾಕ!” ಝೆನೊನನಿಗೆ ರೇಗಿಹೋಯಿತು. “ತಳ್ಳದೆ ನಿನ್ನ ಬೈಕ್ ಒಂದು ದಿನವಾದ್ರೂ ಸ್ಟಾರ್ಟ್ ಆಗಿತ್ತೇನೋ? ಜೀವಮಾನವೆಲ್ಲ ತಳ್ಳಿಸ್ಕೊಂಡೇ ಗೆದ್ದವನು ನೀನು!”

ಗೆರಾರ್ಡ್ ಸಾರಿನ ಬಟ್ಟಲನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದ. ಆಮೇಲೆ ಗಡ್ಡ ಸವರಿಕೊಂಡು, “ಹಾಗಾದ್ರೆ ಕ್ಷೌರದವನನ್ನ ಕರ್ಸಿ,” ಎಂದ.

ಆ ದಿನ ಜನ ಎದ್ದು ನಿಂತು ಗೆರಾರ್ಡ್, ಗೆರಾರ್ಡ್ ಎಂದು ಕೂಗಿದರು. ಮೆತ್ತನೆಯ ಮಣ್ಣಿನಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು. ಕುಂಟುತ್ತ, ಏದುಸಿರು ಬಿಡುತ್ತ, ಝೆನೊನ್ ಅಂತೂ ಕೊನೆಯ ತಿರುವು ದಾಟಿಸಿದ. ಮುಗಿಯುವ ಗೆರೆ ಇನ್ನೇನು ಸಿಕ್ಕಿತು ಎನ್ನುವಾಗ ಕುರ್ಚಿ ಗಕ್ಕನೆ ನಿಂತಿತು.

“ಏನಾಯ್ತೋ?”

ಗೆರಾರ್ಡನ ಎಡಗೈ ಕುರ್ಚಿಯ ಹಿಡಿಯ ಮೇಲಿತ್ತು. “ಬ್ರೇಕ್ ಹಾಕ್ದೆ. ಈ ಗಾಡಿಗೆ ಇದೆಯಲ್ಲ. ಮುಂದೆ ಹೋಗಿ ಭಾವ.”

“ಹುಚ್ಚಾಟ ಸಾಕು ಕಣೋ, ಜನ ನೋಡ್ತಿದಾರೆ.”

“ನೋಡ್ಲಿ ಅಂತಾನೇ.”

ಝೆನೊನ್ ಕುರ್ಚಿಯಿಂದ ಕೈ ತೆಗೆದ. ಅದನ್ನು ಸುತ್ತಿ ಮುಂದೆ ಬಂದು, ಕುಂಟುತ್ತ, ಒಬ್ಬನೇ ಗೆರೆ ದಾಟಿದ. ಕೂಗಾಟದ ನಡುವೆ ಬೊಜೆನಾಳ ಗಂಟಲು ಬೇರೆಯಾಗಿಯೇ ಕೇಳಿಸಿತು. ದಾಟಿದವನು ಹಳೆಯ ಚಾಳಿಯಂತೆ, ಎದುರಾಳಿಗಳು ಎಲ್ಲಿದ್ದಾರೆಂದು ಹಿಂತಿರುಗಿ ನೋಡಿದ. ಗೆರಾರ್ಡ್ ಬ್ರೇಕ್ ಬಿಟ್ಟು ಎಡಗೈ ಚಾಚಿದ್ದ.

“ಈಗ ಎಳ್ಕೊಳ್ಳಿ ಭಾವ. ಈ ಸಲದ ನಕ್ಷತ್ರ ನನಗೆ.”