ವಿಮಾನ ಸಾಕಿದ ಮಾಮಾ

ಹಪ್ಪಳ ಒಣಗಿಸಲು ವಿಮಾನದ ರೆಕ್ಕೆಯಂಥ ಜಾಗ ಇನ್ನೊಂದಿಲ್ಲ ಎನ್ನುವುದು ನಮ್ಮ ಅತ್ತೆಯ ಅನುಭವದ ಮಾತು. ತಗಡು ಬೇಗ ಕಾಯುತ್ತದೆ, ನಾಯಿ ಹತ್ತುವುದಿಲ್ಲ. ನಗಬೇಡಿ ಮಿತ್ರರೇ, ಅತ್ತೆಗೆ ಆ ವಿಮಾನಗಳಿಂದಾದ ಲಾಭ ಅದೊಂದೇ. ಊರಲ್ಲಿ ಕೆಲವರು ಎಮ್ಮೆ ಸಾಕುತ್ತಾರೆ, ಕೈಯಲ್ಲಿ ಕಾಸಿದ್ದವರು ಪುಢಾರಿಗಳನ್ನು ಸಾಕುತ್ತಾರೆ. ಅತ್ತೆಯ ಗಂಡ, ಹತ್ತಿ ವ್ಯಾಪಾರಿಯಾದ ನಮ್ಮ ಚನಬಸಪ್ಪ ಮಾಮಾ, ಹರಾಜಿನಲ್ಲಿ ಸಿಕ್ಕ ಹಳೆಯ ವಿಮಾನಗಳನ್ನು ತಂದು ಊರಾಚೆ ತಾರಿಹಾಳದ ಶೆಡ್ಡಿನಲ್ಲಿ ಸಾಕಿದರು. ನಮ್ಮ ಓಣಿ ಕಮರಿಪೇಟೆಯ ಬಂಧುಬಳಗ ಅವರನ್ನು ಹುಚ್ಚನೆಂದೇ ತೀರ್ಮಾನಿಸಿತ್ತು.

ಆ ವಿಮಾನಗಳಲ್ಲಿ ಜೀವವಿದ್ದದ್ದು ಎರಡು ಸೀಟಿನ ಒಂದು ತರಬೇತಿ ವಿಮಾನಕ್ಕೆ ಮಾತ್ರ. ರವಿವಾರಕ್ಕೊಮ್ಮೆ ಮಾಮಾ ಅದರೊಳಗೆ ಕುಳಿತು ಎಂಜಿನ್ ಚಾಲೂ ಮಾಡುತ್ತಿದ್ದರು. ಹಾರುವ ಮಾತಿಲ್ಲ, ಸುಮ್ಮನೆ ಸದ್ದು ಕೇಳುವುದು. ಆಗ ಅವರ ಮುಖದಲ್ಲಿರುತ್ತಿದ್ದ ಸುಖವನ್ನು ನಾನು ಬೇರೆ ಯಾವ ಶ್ರೀಮಂತನ ಮುಖದಲ್ಲೂ ಕಂಡಿಲ್ಲ.

ವಯಸ್ಸಾಗಿ ಅವುಗಳ ಆರೈಕೆ ಕೈಮೀರಿದಾಗ, ವಸ್ತುಸಂಗ್ರಹಾಲಯ ಮಾಡುತ್ತೇವೆಂದು ಬಂದ ಗಣ್ಯರ ಸಮಿತಿಗೆ ಮಾಮಾ ಎಲ್ಲವನ್ನೂ ದಾನ ಕೊಟ್ಟರು. ನಿನ್ನೆಯ ಹುಚ್ಚ ರಾತ್ರೋರಾತ್ರಿ ದೂರದೃಷ್ಟಿಯ ಮಹನೀಯನಾದ. ನಮ್ಮಲ್ಲಿ ಮನುಷ್ಯನನ್ನು ಬದಿಗೆ ಸರಿಸುವ ಮೊದಲು ಶಾಲು ಹೊದಿಸುವ ಸಂಪ್ರದಾಯವಿದೆಯಷ್ಟೇ? ಶಾಲು ಹೊದಿಸಿದರು. ಆಮೇಲೆ ವಿಮಾನಗಳಿಗೆ ಮದುವೆಮನೆಯ ಬಾಗಿಲಿನಂತೆ ಥಳಥಳಿಸುವ ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿ, 'ಮುಟ್ಟಬಾರದು' ಎಂಬ ಫಲಕ ನೆಟ್ಟರು.

"ವಾರಕ್ಕೊಮ್ಮೆ ಒಳಗ ಕುಂತು ಚಾಲೂ ಮಾಡತೇನ್ರಿ. ಹಂಗ ಬಿಟ್ಟರ ಎಂಜಿನ್ ಸಾಯತೈತ್ರಿ," ಎಂದು ಮಾಮಾ ಕೇಳಿಕೊಂಡರು.

ಅಧ್ಯಕ್ಷರು ವಿಜ್ಞಾನದ ನಿವೃತ್ತ ಪ್ರಾಧ್ಯಾಪಕರು. "ಸಂಗ್ರಹಾಲಯ ಅಂದ್ರ ಎಲ್ಲಾ ಸುಮ್ಮನ ನಿಂತಿರಬೇಕ್ರಿ ಸಾಹುಕಾರ್ರ. ನೀವೂ ಹಗ್ಗದ ಹೊರಗ ನಿಂತು ನೋಡ್ರಿ. ನಿಮಗ ಟಿಕೀಟು ಇಲ್ಲ," ಎಂದು ಔದಾರ್ಯ ತೋರಿದರು.

ಮಾಮಾ ಹೋಗಿ ಹಗ್ಗದ ಹೊರಗೆ ನಿಂತರು.

ಉದ್ಘಾಟಿಸುವ ನಾಯಕರಿಗೆ ಬಿಡುವಿದ್ದದ್ದು ಅಮಾವಾಸ್ಯೆಯ ದಿನವೇ. ಕೆಡುಕು ತಟ್ಟದಿರಲೆಂದು ಸಮಿತಿ ಆ ತರಬೇತಿ ವಿಮಾನಕ್ಕೆ ಹೊಸ ಲಾರಿಗೆ ಮಾಡುವಂತೆ ಪೂಜೆ ಮಾಡಿಸಿತು. ಕಾಯಿ ಒಡೆದು, ಕುಂಕುಮ ಹಚ್ಚಿ, ವಿಜ್ಞಾನದ ಅಧ್ಯಕ್ಷರು ಸ್ವಹಸ್ತದಿಂದ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಫೋಟೋ ಆಯಿತು. ಎಲ್ಲರೂ ಊಟಕ್ಕೆ ಎದ್ದಾಗ ಅತ್ತೆಯ ದನಿ ಕೇಳಿಸಿತು.

"ಅಲ್ರಿ, ನಿಂಬಿಹಣ್ಣ ಇಟ್ಟು, ಗಾಡಿ ಹಾಯಿಸದನ ಹೊಂಟೀರೇನು? ಇಟ್ಟವರಿಗೇ ಕಾಡತೈತ್ರಿ!"

ಅಧ್ಯಕ್ಷರ ಮುಖ ಸುಣ್ಣವಾಯಿತು. ನಾಯಕರು ಎರಡು ಹೆಜ್ಜೆ ದೂರ ಸರಿದರು. ವಿಜ್ಞಾನದ ಅದೇ ಕೈಗಳು ಹಗ್ಗದ ಗಂಟು ಬಿಚ್ಚಿದವು: "ಸಾಹುಕಾರ್ರ, ಲಗೂ ಬರ್ರಿ!"

ಮಾಮಾ ಏರಿ ಕುಳಿತರು. ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಗುಡುಗಿತು. ಶಾಮಿಯಾನ ಕಿತ್ತು ಹೋಯಿತು, ಶಾಲು ಹಾರಗಳು ಹಾರಿದವು, ವಿಮಾನ ಮೊಳದಷ್ಟು ಮುಂದೆ ಸರಿದು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿತು. ಕಣ್ಣಿನ ಧೂಳು ಒರೆಸಿಕೊಳ್ಳುತ್ತಿದ್ದ ಅಧ್ಯಕ್ಷರ ಮುಂದೆ ಅತ್ತೆ ಮತ್ತೆ ನಿಂತಿದ್ದರು. "ಹಿಡಿದ ಪೂಜಿ ಬಿಡಬಾರದ್ರಿ. ಇನ್ನ ಅಮಾಸಿಗೊಮ್ಮೆ ಇವರನ್ನ ಕರೀರಿ."

ತರ್ಕಕ್ಕೆ ಬಿಚ್ಚದ ಹಗ್ಗ ಭಯಕ್ಕೆ ಬಿಚ್ಚಿಕೊಂಡಿತ್ತು. ಅಧ್ಯಕ್ಷರು ತಲೆಯಾಡಿಸಿದರು.

ಮನೆಗೆ ಮರಳುವಾಗ ಕಾರಿನಲ್ಲಿ ಅತ್ತೆಯನ್ನು ಕೇಳಿದೆ, ನಿಂಬೆಹಣ್ಣು ಖರೇನೇ ಕಾಡುತ್ತದೆಯೇ ಎಂದು. ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಮಾಮಾನ ಕಡೆ ನೋಡಿ ದನಿ ತಗ್ಗಿಸಿದರು.

"ಯಾರಿಗ್ಗೊತ್ತೋ ತಮ್ಮಾ. ಅವರು ಹಗ್ಗದ ಹೊರಗ ನಿಂತದ್ದು ನನಗ ನೋಡಾಕ ಆಗಲಿಲ್ಲ."