ಚೌತಿಗೆ ಮುಂಚೆ ಪ್ರಕಟವಾದ ಕುದುರೆ ನಡೆ

ಮಧ್ಯಾಹ್ನ ಒಂದೂ ನಲವತ್ತು. ನಾಶಿಕದ ಒಂದು ಬ್ಯಾಂಕ್ ಶಾಖೆಯ ಊಟದ ಕೋಣೆಯಲ್ಲಿ ಪರಮೇಶ್ವರ ಬಲಗೈಯಲ್ಲಿ ರೊಟ್ಟಿ ಮುರಿಯುತ್ತ, ಎಡಗೈಯ ಹೆಬ್ಬೆರಳಿನಿಂದ ಫೋನಿನಲ್ಲಿ ತನ್ನ ಬ್ಲಾಗ್ ತೆರೆದ. ಯಾವ ಬರಹವನ್ನು ಎಷ್ಟು ಜನ ಓದಿದ್ದಾರೆಂದು ತೋರಿಸುವ ಪುಟ ಅದು. ಉಳಿದವಕ್ಕೆಲ್ಲ ಐವತ್ತು, ಅರವತ್ತು. ಆಗಸ್ಟ್ ತಿಂಗಳ ಒಂದೇ ಒಂದು ಬರಹಕ್ಕೆ ಸಾವಿರದ ನೂರ ನಲವತ್ತು. ನಿನ್ನೆಗಿಂತ ಮೂರು ಹೆಚ್ಚು.

“ಸರ್, ಪುನ್ಹಾ ಬುದ್ಧಿಬಳ? ಭಾಜಿ ಥಂಡ ಝಾಲಿ,” ಎಂದಳು ಎದುರಿಗೆ ಕೂತ ಸಹೋದ್ಯೋಗಿ ಪ್ರಾಚಿ. ಮತ್ತೆ ಚೆಸ್ಸೇ, ಪಲ್ಯ ಆರಿಹೋಯಿತಲ್ಲ ಎಂದು. ಪರಮೇಶ್ವರ ಫೋನ್ ಮಗುಚಿಟ್ಟ. ಬರಹವನ್ನು ಅಳಿಸುವ ಗುಂಡಿಯವರೆಗೆ ಬೆರಳು ಹೋಗಿ ಹಿಂದೆ ಬರುವುದು ಅವನಿಗೆ ಎರಡು ತಿಂಗಳಿಂದ ರೂಢಿಯಾಗಿದೆ.

ಬಾಗಲಕೋಟೆಯಿಂದ ವರ್ಗವಾಗಿ ಬಂದು ಒಂಬತ್ತು ವರ್ಷ. ಬಂದ ಹೊಸದರಲ್ಲಿ ಕನ್ನಡ ಮಾತಾಡಲು ಯಾರೂ ಸಿಗದೆ ‘ಓರೆನಡೆ’ ಎಂಬ ಬ್ಲಾಗ್ ಶುರುಮಾಡಿದ. ಕನ್ನಡದಲ್ಲಿ ಚೆಸ್ ಬಗ್ಗೆ ಹೀಗೆ ಬರೆಯುವವರು ಹೆಚ್ಚೆಂದರೆ ಹನ್ನೆರಡು ಜನ: ಮೇಷ್ಟ್ರು, ಔಷಧ ಅಂಗಡಿಯವರು, ನಿವೃತ್ತ ಗುಮಾಸ್ತರು. ದೊಡ್ಡ ಆಟಗಾರರ ಆಟ ಇವರಿಗೆ ಬೇಡ. ತಾವು ಸೋತದ್ದು, ಪಕ್ಕದ ಮನೆಯವನು ಗೆದ್ದದ್ದು, ಇಂಥವನ್ನೇ ಬರೆಯುತ್ತಾರೆ; ಒಬ್ಬರ ಬರಹದ ಕೆಳಗೆ ಇನ್ನೊಬ್ಬರು ಜಗಳವಾಡುತ್ತಾರೆ. ಇವರದೇ ಒಂದು ಪದ್ಧತಿಯೂ ಇದೆ. ಗಣೇಶ ಚೌತಿಯಿಂದ ಚೌತಿಗೆ ವರ್ಷ ಎಣಿಸಿ, ಆ ವರ್ಷ ಬ್ಲಾಗುಗಳಲ್ಲಿ ಬಂದ ಸಾಮಾನ್ಯ ಆಟಗಾರರ ನಡೆಗಳಲ್ಲಿ ಒಂದನ್ನು ‘ವರ್ಷದ ನಡೆ’ ಎಂದು ಆರಿಸುವುದು. ಬಹುಮಾನವಿಲ್ಲ. ಪರಮೇಶ್ವರನ ಬ್ಲಾಗಿಗೆ ಆ ಗೌರವ ಒಮ್ಮೆಯೂ ಸಿಕ್ಕಿರಲಿಲ್ಲ.

ಸಾಯಬಣ್ಣ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಪರಮೇಶ್ವರನ ಬಚ್ಚಲುಮನೆಗೆ ಟೈಲ್ಸ್ ಹಾಕಲು ಬಂದಾಗ. ಅಫಜಲಪುರದ ಕಡೆಯವನು, ವಯಸ್ಸು ಮೂವತ್ತಾರು. ಸಿಮೆಂಟು ಒಣಗುವ ತನಕ ಬಕೆಟ್ ಬೋರಲು ಹಾಕಿ ಕೂತು ಫೋನಿನಲ್ಲಿ ಚೆಸ್ ಆಡುತ್ತಿದ್ದ. ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಬೋರ್ಡಿನ ಮುಂದೆ. ಪುಸ್ತಕ ಓದಿ ಕಲಿತವನಲ್ಲ ಸಾಯಬಣ್ಣ. ಆದರೆ ಅವನ ಕೈಯಲ್ಲಿ ಒಂದು ವಿದ್ಯೆಯಿತ್ತು: ಬಿಳಿ ಕಾಯಿಗಳಲ್ಲಿ ಆಡುವಾಗ ಒಂಬತ್ತನೆಯ ನಡೆಗೆ ತನ್ನ ಕುದುರೆಯನ್ನು ಎದುರಾಳಿಯ ಬಾಯಿಗೆ ಒಡ್ಡುತ್ತಿದ್ದ. ತಿಂದವನ ರಾಜ ಆರೇಳು ನಡೆಗಳಲ್ಲಿ ಸಿಕ್ಕಿಬೀಳುತ್ತಿದ್ದ.

ಸಾಯಬಣ್ಣನಿಗೆ ಒಂದು ಆಸೆ. ಅಂತಾರಾಷ್ಟ್ರೀಯ ರೇಟಿಂಗ್ ಪಟ್ಟಿಯಲ್ಲಿ ತನ್ನ ಹೆಸರು ಬರಬೇಕು. “ಗುತ್ತೇದಾರನ ಹಾಜರಿ ಬುಕ್ಕಿನಾಗ ಹದಿನೆಂಟು ವರ್ಷ ಬಂತ್ರಿ ಹೆಸರು. ಇನ್ನೊಂದು ಬುಕ್ಕಿನಾಗೂ ಬರ್ಲಿ,” ಅನ್ನುತ್ತಿದ್ದ. ಸೆಪ್ಟೆಂಬರಿನಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ರೇಟಿಂಗ್ ಟೂರ್ನಮೆಂಟ್ ಇತ್ತು. ಕೆಲಸಕ್ಕೆ ನಾಲ್ಕು ದಿನ ರಜೆ ಹೇಳಿ ಹೆಸರು ಕೊಟ್ಟ.

ಅದಕ್ಕೆ ಹದಿನೈದು ದಿನ ಮುಂಚೆ ಹುಬ್ಬಳ್ಳಿಯ ರವಿಕುಮಾರ ಮೇಷ್ಟ್ರ ಫೋನ್ ಬಂತು. ‘ವರ್ಷದ ನಡೆ’ಯ ಉಸ್ತುವಾರಿ ಅವರದು.

“ಏನ್ರಿ ನಾಶಿಕದವ್ರ, ದ್ರಾಕ್ಷಿ ತಿನ್ಕೋತ ಕುಂತೀರೇನು? ಚೌತಿ ಬಂತು, ನಿಮ್ಮಿಂದ ಒಂದು ನಡಿ ಇಲ್ಲ.”

“ಅದ ರೀ ಒಂದು. ಬಂದ್ರ ನಿಮ್ಮ ಕಣ್ಣು ತಿರುಗ್ತದ.”

“ಹೋದ ವರ್ಷನೂ ಹಿಂಗ ಅಂದಿದ್ರಿ!”

ಆ ಕುದುರೆ ನಡೆಯನ್ನು ಬ್ಲಾಗಿಗೆ ಹಾಕಲೇ ಎಂದು ಆ ಭಾನುವಾರ ಪರಮೇಶ್ವರ ಸಾಯಬಣ್ಣನನ್ನು ಕೇಳಿದ. ಸಾಯಬಣ್ಣ ಬೋರ್ಡಿನಿಂದ ತಲೆಯೆತ್ತಲಿಲ್ಲ. “ಟೂರ್ನಮೆಂಟ್ ಮುಗೀಲಿ, ಆಮ್ಯಾಲ ಹಾಕ್ರಿ ಸಾಹೇಬ್ರ.”

“ಆಯ್ತು ಬಿಡು.”

ಅಂದವನು ಬುಧವಾರ ಸಂಜೆ ಕೂತು ಬರೆದ. ಸಂಭಾಜಿನಗರದಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಸಮಾಧಾನ. ಬರೆಯುವಾಗ ರೂಢಿಯಂತೆ ಆಟವನ್ನು ಕಂಪ್ಯೂಟರಿಗೆ ಒಡ್ಡಿ ನೋಡಿದ. ಕಂಪ್ಯೂಟರ್ ಒಂದು ಉತ್ತರ ತೋರಿಸಿತು: ಕುದುರೆಯನ್ನು ಮುಟ್ಟದೆ, ಅಂಚಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರೆ ಸಾಕು, ಬಿಳಿಯ ದಾಳಿ ಅಲ್ಲಿಗೇ ನಿಂತುಹೋಗುತ್ತದೆ. ಅದನ್ನೂ ಪ್ರಾಮಾಣಿಕವಾಗಿ ಬರೆದ. ಕೆಳಗೊಂದು ಸಾಲು ಸೇರಿಸಿದ, ಬೋರ್ಡಿನ ಮುಂದೆ ಕೂತವನಿಗೆ ಇದು ಹೊಳೆಯುವಂಥದ್ದಲ್ಲ ಎಂದು. ಸಾಯಬಣ್ಣನಿಗೆ ಮಾತ್ರ ಹೇಳಲಿಲ್ಲ. ಆಟಕ್ಕೆ ಮುಂಚೆ ಧೈರ್ಯ ಕೆಡಬಾರದು ಎಂದುಕೊಂಡ. ಹುಡುಕುವವರಿಗೆ ಸುಲಭವಾಗಲೆಂದು ಕೊನೆಯಲ್ಲಿ ಸಾಯಬಣ್ಣನ ಪೂರ್ತಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಹಾಕಿದ. ಬ್ಲಾಗ್ ಬರೆಯುವವರೆಲ್ಲ ಹಾಗೆಯೇ ಮಾಡುತ್ತಾರೆ.

ಚೌತಿಯ ದಿನ ಅದೇ ವರ್ಷದ ನಡೆಯಾಯಿತು. ಬ್ಲಾಗ್ ಓದುವ ರೂಢಿಯಿಲ್ಲದ ಸಾಯಬಣ್ಣನಿಗೆ ಅದು ಗೊತ್ತಾಗಲಿಲ್ಲ.

ಟೂರ್ನಮೆಂಟ್ ಸಂಭಾಜಿನಗರದಂಚಿನ ಚಿಕಲಠಾಣಾದ ಒಂದು ಕಲ್ಯಾಣಮಂಟಪದಲ್ಲಿ. ಪರಮೇಶ್ವರನೂ ರಜೆ ಹಾಕಿ ಜೊತೆಗೆ ಹೋದ. ಮೂರು ದಿನದಲ್ಲಿ ಸಾಯಬಣ್ಣ ಕುದುರೆ ಒಡ್ಡಿ ಎರಡು ಆಟ ಗೆದ್ದ. ಕೊನೆಯ ಸುತ್ತು ಡ್ರಾ ಆದರೂ ಬೇಕಾದ ಕನಿಷ್ಠ ರೇಟಿಂಗ್ ಸಿಕ್ಕಿ ಪಟ್ಟಿಗೆ ಹೆಸರು ಸೇರುತ್ತಿತ್ತು. ಯಾರಿಗೆ ಯಾರು ಎದುರಾಳಿ ಎಂಬುದು ಹಿಂದಿನ ಸಂಜೆಯೇ ಫೋನಿನಲ್ಲಿ ಬಂತು: ಸಮೀರ ಎಂಬ ಇಂಜಿನಿಯರಿಂಗ್ ವಿದ್ಯಾರ್ಥಿ. ಸಾಯಬಣ್ಣನಿಗೆ ಬಿಳಿ ಕಾಯಿ.

ಬೆಳಿಗ್ಗೆ ಒಂಬತ್ತನೆಯ ನಡೆಗೆ ಸಾಯಬಣ್ಣ ಕುದುರೆ ಒಡ್ಡಿದ. ಹಗ್ಗದ ಆಚೆ ನಿಂತು ನೋಡುತ್ತಿದ್ದ ಪರಮೇಶ್ವರನ ಕಣ್ಣೆದುರೇ ಸಮೀರ ಅರೆಕ್ಷಣವೂ ಯೋಚಿಸದೆ ಅಂಚಿನ ಕಾಲಾಳನ್ನು ಒಂದು ಮನೆ ನೂಕಿ ಗಡಿಯಾರ ಒತ್ತಿದ. ಸಾಯಬಣ್ಣ ನಲವತ್ತು ನಿಮಿಷ ಬೋರ್ಡು ನೋಡುತ್ತ ಕೂತ. ಇಪ್ಪತ್ತಾರನೆಯ ನಡೆಗೆ ಕೈ ಚಾಚಿ ಸೋಲೊಪ್ಪಿದ.

ಆಟ ಮುಗಿದ ಮೇಲೆ ಇಬ್ಬರೂ ಕೂತು ಆಡಿದ್ದನ್ನು ಮತ್ತೆ ಇಟ್ಟು ನೋಡುವುದು ಚೆಸ್ಸಿನವರ ಮರ್ಯಾದೆ. ಪರಮೇಶ್ವರನೂ ಪಕ್ಕಕ್ಕೆ ಹೋಗಿ ನಿಂತ. ಸಮೀರ ಸರಳ ಹುಡುಗ, ಮುಚ್ಚಿಡಲಿಲ್ಲ. “ಅಂಕಲ್, ಆಪ್ ಕಾ ನಾಮ್ ಸರ್ಚ್ ಕಿಯಾ ತೋ ಏಕ್ ಬ್ಲಾಗ್ ಮಿಲಾ. ಭಾಷಾ ನಹೀಂ ಆತೀ, ಪರ್ ಚಾಲೇಂ ತೋ ಚಾಲೇಂ ಹೈಂ ನಾ!” ಎಂದು, ಹೆಸರು ಹುಡುಕಿದಾಗ ಸಿಕ್ಕ ಬ್ಲಾಗನ್ನು ಫೋನಿನಲ್ಲಿ ಮುಂದೆ ಹಿಡಿದ. ಭಾಷೆ ಬಾರದಿದ್ದರೇನು, ನಡೆಗಳನ್ನು ಬರೆಯುವ ಅಕ್ಷರ ಅಂಕಿ ಎಲ್ಲ ಕಡೆ ಒಂದೇ.

ಸಾಯಬಣ್ಣ ಫೋನ್ ತೆಗೆದುಕೊಂಡು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದ. ತಾರೀಖನ್ನೂ ನೋಡಿದ. ಫೋನ್ ಹಿಂದಿರುಗಿಸಿ ಸಮೀರನ ಕೈ ಕುಲುಕಿದ.

ನಾಶಿಕದ ಬಸ್ಸು ವೈಜಾಪುರ ದಾಟಿತು. ಪರಮೇಶ್ವರ ಅಂದ, “ತಪ್ಪಾತು ಸಾಯಬಣ್ಣ. ಮನಿಗಿ ಹೋದಕೂಡ್ಲೆ ತಗದು ಹಾಕ್ತೀನಿ.”

“ತಗದ್ರ ಏನ್ ಬಂತ್ರಿ? ಓದಿದವ್ರು ಓದ್ಯಾರ.” ಕಿಟಕಿಯ ಕಡೆ ತಿರುಗಿ ಮತ್ತೆ ಅಂದ, “ಹಾಕಿದ್ದಕ್ಕ ಸಿಟ್ಟಿಲ್ರಿ. ಕಾಲಾಳು ದೂಕಿದ್ರ ನನ್ನ ಆಟ ಸತ್ತಂಗ ಅಂತ ಊರಿಗೆಲ್ಲಾ ಬರದ್ರಿ. ನನಗ ಒಂದು ಮಾತು ಹೇಳ್ಲಿಲ್ಲ.”

ಧೈರ್ಯ ಕೆಡಬಾರದೆಂದು ಹೇಳಲಿಲ್ಲ ಎಂಬ ಉತ್ತರ ಪರಮೇಶ್ವರನ ನಾಲಿಗೆಯ ತುದಿಯವರೆಗೆ ಬಂತು. ಅದರಲ್ಲಿ ಅರ್ಧ ಮಾತ್ರ ನಿಜ ಎಂದು ಅವನಿಗೇ ಗೊತ್ತಿತ್ತು. ಹೇಳಿದ್ದರೆ ಸಾಯಬಣ್ಣ ಆ ನಡೆಯನ್ನೇ ಕೈಬಿಡುತ್ತಿದ್ದ. ಆಡುವವನೇ ಕೈಬಿಟ್ಟ ನಡೆ ವರ್ಷದ ನಡೆ ಹೇಗೆ ಆದೀತು?

ರವಿಕುಮಾರ ಮೇಷ್ಟ್ರಿಗೆ ಫೋನ್ ಮಾಡಿ ಆ ಗೌರವ ವಾಪಸ್ ತೆಗೆದುಕೊಳ್ಳಿ ಎಂದ. “ಕೊಟ್ಟಿದ್ದು ನಿಮಗಲ್ರಿ, ಆ ನಡಿಗಿ,” ಎಂದರು ಅವರು. ಸೆಪ್ಟೆಂಬರಿನಿಂದ ‘ಓರೆನಡೆ’ಯಲ್ಲಿ ಹೊಸದೇನೂ ಬಂದಿಲ್ಲ. ಸಾಯಬಣ್ಣನಿಗೆ ನಾಶಿಕದಾಚೆ ಪಿಂಪಳಗಾಂವ್ ಬಸವಂತದಲ್ಲಿ ಕೆಲಸ ಸಿಕ್ಕಿದೆ; ಭಾನುವಾರವೂ ಕೆಲಸವಿದೆ ಎನ್ನುತ್ತಾನೆ. ಫೋನ್ ಮಾಡಿದರೆ ಎತ್ತುತ್ತಾನೆ, ಮನೆಯವರೆಲ್ಲರ ಆರೋಗ್ಯ ಕೇಳುತ್ತಾನೆ. ಆಟದ ಮಾತು ತೆಗೆಯುವುದಿಲ್ಲ.

ಮುಂದಿನ ರೇಟಿಂಗ್ ಟೂರ್ನಮೆಂಟ್ ಡಿಸೆಂಬರ್ ಮೊದಲ ವಾರ ಜಾಲನಾದಲ್ಲಿ. ಸಾಯಬಣ್ಣ ಹೆಸರು ಕೊಟ್ಟಿದ್ದಾನೆ. ಪರಮೇಶ್ವರನಿಗೆ ಇದು ತಿಳಿದದ್ದು ಆಯೋಜಕರು ಹಾಕಿದ ಪಟ್ಟಿಯಿಂದ.