ಸೈಡ್‌ಕಾರ್ ಗಾಡಿಯನ್ನು ಎತ್ತಿದ ವಾರ

ಗಾಡಿ ಕೊಳ್ಳಲು ಒಪ್ಪಿದ ಮನುಷ್ಯ ಫೋನಿನಲ್ಲಿ, "ಶನಿವಾರ ವ್ಯಾನ್ ತರುತ್ತೇನೆ, ನೀವು ಗ್ಯಾರೇಜಿನ ಬಾಗಿಲು ತೆಗೆದುಕೊಟ್ಟರೆ ಸಾಕು" ಎಂದರು.

ನಾನು, "ವ್ಯಾನ್ ಬೇಡ, ಹೆಲ್ಮೆಟ್ ತನ್ನಿ" ಎಂದೆ.

ನನ್ನ ಇಂಗ್ಲಿಷ್ ತಪ್ಪಿತು ಎಂದುಕೊಂಡರೋ ಏನೋ, "ಹಿಂದಿನ ಟೈರ್ ಬಿರುಕು ಬಿಟ್ಟು ಕೂತಿದೆ ಎಂದು ನೀವೇ ಹೇಳಿದಿರಲ್ಲ" ಎಂದು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಕೇಳಿದರು.

"ಶನಿವಾರದ ಹೊತ್ತಿಗೆ ಹೊಸದಿರುತ್ತದೆ."

ಅವರು ನಕ್ಕು ಒಪ್ಪಿದರು. ಗಾಡಿ ರಸ್ತೆಗಿಳಿಸಲು ಬೇಕಾದ ವರ್ಷದ ತಪಾಸಣೆಗೆ ತಮ್ಮ ಊರಿನ ಗ್ಯಾರೇಜಿನಲ್ಲಿ ಸಮಯ ಗೊತ್ತುಮಾಡಿಕೊಂಡು ರೈಲಿನಲ್ಲಿ ಬರುವುದಾಗಿಯೂ, ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಓಡಿಸಿಕೊಂಡೇ ಹೋಗುವುದಾಗಿಯೂ, ಇಲ್ಲದಿದ್ದರೆ ವ್ಯಾನ್ ಕರೆಸುವುದಾಗಿಯೂ ಹೇಳಿದರು. ಫೋನ್ ಇಟ್ಟ ಮೇಲೆ ನನಗೆ ಭಯವಾಯಿತು. ಟೈರ್ ಬದಲಿಸಬೇಕಾದರೆ ಚಕ್ರ ಬಿಚ್ಚಬೇಕು, ಚಕ್ರ ಬಿಚ್ಚಬೇಕಾದರೆ ಗಾಡಿಯನ್ನು ಎತ್ತಬೇಕು. ಎತ್ತುತ್ತಿದ್ದವರು ಹೋಗಿ ಒಂಬತ್ತು ತಿಂಗಳಾಗಿತ್ತು.

ನನ್ನ ಗಂಡ ಲಂಡನ್ನಿನ ಆಸ್ಪತ್ರೆಯೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ನಾನು ಪಾರ್ಕ್ ರಾಯಲ್‌ನಲ್ಲಿ ತಿಂಡಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದೆ, ಈಗಲೂ ಇದ್ದೇನೆ. ತೊಂಬತ್ತರ ದಶಕದ ಮೊದಲಲ್ಲಿ ಅವರು ಹಳೆಯ ಮೋಟಾರ್ ಸೈಕಲ್ ತಂದಾಗ ನಾನು ಹಿಂದೆ ಒಂದೇ ಸಲ ಕೂತೆ. ಅರ್ಧ ದಾರಿಯಲ್ಲಿ ಇಳಿದು, ಬಸ್ಸು ಹಿಡಿದು ಮನೆಗೆ ಬಂದೆ. ಅವರು ವಾದ ಮಾಡಲಿಲ್ಲ. ಒಂದು ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ಕೆಲಸ ಮಾಡಿ ಅದರ ಎಡಕ್ಕೆ ಸೈಡ್‌ಕಾರ್ ಜೋಡಿಸಿದರು. ಅಲ್ಲಿಂದ ಮುಂದೆ ಅದು ನನ್ನ ಜಾಗ.

ಸೈಡ್‌ಕಾರ್ ಖಾಲಿ ಇದ್ದರೆ ಎಡಕ್ಕೆ ತಿರುಗುವಾಗ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಹಾಗಾಗಿ ನಾನು ಶಿಫ್ಟಿನಲ್ಲಿದ್ದ ದಿನ ಅವರು ಸೌತ್‌ಹಾಲ್‌ನಿಂದ ತಂದ ಅಕ್ಕಿ ಚೀಲಗಳನ್ನು ನನ್ನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ ಓಡಿಸುತ್ತಿದ್ದರು.

"ನಿನ್ನ ತುಲಾಭಾರ ಆತು ನೋಡು," ಎನ್ನುತ್ತಿದ್ದರು. ಅವರದು ಧಾರವಾಡದ ಮಾತು. "ಎರಡ ಚೀಲ ಸಾಲಂಗಿಲ್ಲ. ಇನ್ನೊಂದು ಬೇಕಾಗ್ತದ."

"ಮೊದಲು ನಿಮ್ಮ ಹೊಟ್ಟೆ ತೂಗಿ ನೋಡ್ಕೊಳ್ಳಿ," ಎನ್ನುತ್ತಿದ್ದೆ ನಾನು.

ಒಮ್ಮೆ ಹೆದ್ದಾರಿಯಲ್ಲಿ ಒಂದು ಲಾರಿ ನಮ್ಮನ್ನು ದಾಟಿ ಹೋಯಿತು. ಅದರ ಮೇಲೆ ಕೆಟ್ಟ ಮೋಟಾರ್ ಸೈಕಲ್ಲೊಂದನ್ನು ಪಟ್ಟಿಗಳಿಂದ ಬಿಗಿದಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಅವರು ನನ್ನ ಕಡೆ ಬಾಗಿ, "ಹೆಣಾ ಒಯ್ದಂಗ ಒಯ್ಲಿಕತ್ತಾರ ನೋಡು. ನಮ್ಮ ಗಾಡಿ ಹಂಗ ಹೋಗಬಾರದವಾ" ಎಂದರು. ತಮಾಷೆಗೇ ಹೇಳಿದ್ದು. ಆದರೆ ಕೊನೆಯ ಸಲ ಅವರನ್ನೇ ಸ್ಟ್ರೆಚರಿಗೆ ಪಟ್ಟಿ ಬಿಗಿದು ನಮ್ಮ ಮನೆಯ ಮೆಟ್ಟಿಲು ಇಳಿಸಿದರು. ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಅದನ್ನು ತಡೆಯಲು ನನ್ನಿಂದಾಗಲಿಲ್ಲ. ಇದನ್ನು ತಡೆಯಬಹುದು ಅನ್ನಿಸಿತು.

ಗಾಡಿಯನ್ನು ಇಟ್ಟುಕೊಳ್ಳುವ ಆಸೆ ನನಗಿರಲಿಲ್ಲ. ಓಡಿಸಲು ನನಗೆ ಬಾರದು. ಗಾಳಿ ಇಳಿದ ಟೈರಿನ ಮೇಲೆ ದಿನದಿನಕ್ಕೂ ಕುಸಿಯುವ ಗಾಡಿಯನ್ನು ನೋಡುತ್ತ ಕೂರುವುದಂತೂ ಬಾರದೇ ಬಾರದು. ಅದು ಹೋಗಲಿ, ಆದರೆ ತನ್ನ ಚಕ್ರಗಳ ಮೇಲೆ ಹೋಗಲಿ.

ಸೋಮವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದು ಗ್ಯಾರೇಜಿನ ಬಾಗಿಲು ತೆಗೆದೆ. ಅವರ ಜಾಕ್ ಮೂಲೆಯಲ್ಲಿತ್ತು, ಉದ್ದ ಹಿಡಿಕೆಯದು, ಸಣ್ಣ ಗಾಲಿಗಳ ಮೇಲೆ ಉರುಳುವಂಥದ್ದು. ಅದನ್ನು ಬಲಗಡೆಯಿಂದ ಎಂಜಿನ್ನಿನ ಅಡಿಗೆ ತಳ್ಳಿದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಜಾರುತ್ತದೆ, ನಡುವೆ ಮರ ಬೇಕು ಎಂಬುದು ನನಗೆ ಗೊತ್ತಿತ್ತು. ಅವರು ಬಳಸುತ್ತಿದ್ದ ಹಲಗೆ ಕಾಣಲಿಲ್ಲ. ಮನೆಯೊಳಗೆ ಹೋಗಿ ಊಟದ ಮಣೆ ತಂದೆ. ಧಾರವಾಡದಿಂದ ಬಂದ ತೇಗದ ಮಣೆ. ಅದನ್ನು ಜಾಕಿನ ಮೇಲಿಟ್ಟು ಹಿಡಿಕೆ ಒತ್ತತೊಡಗಿದೆ.

ಗಾಡಿ ಎದ್ದಿತು. ಹಿಂದಿನ ಚಕ್ರ ನೆಲ ಬಿಟ್ಟಿತು. ಸಂತೋಷದಲ್ಲಿ ಇನ್ನೂ ನಾಲ್ಕು ಸಲ ಒತ್ತಿದೆ. ಬೈಕು ಏರಿದಷ್ಟೂ ಸೈಡ್‌ಕಾರಿನ ಕಡೆಗೆ ವಾಲುತ್ತಿದೆ ಎಂಬುದನ್ನು ನಾನು ಗಮನಿಸಲಿಲ್ಲ. ಮಣೆ ಟಪ್ ಎಂದು ಸೀಳಿತು. ಜಾಕ್ ಪಕ್ಕಕ್ಕೆ ಚಿಮ್ಮಿತು. ಇಡೀ ಗಾಡಿ ದಡಾರನೆ ಕೂತು, ಗೋಡೆಯ ಮೇಲಿನ ಸ್ಪ್ಯಾನರುಗಳೆಲ್ಲ ಕುಣಿದವು.

"ಏನ ಸದ್ದು ಅದು? ರಸ್ತೆತನಾ ಕೇಳಿಸ್ತು."

ಬಾಗಿಲಲ್ಲಿ ನನ್ನ ನಾದಿನಿ, ಗಂಡನ ಅಕ್ಕ, ಚಪಾತಿ ಡಬ್ಬಿ ಹಿಡಿದು ನಿಂತಿದ್ದರು. ರೇನರ್ಸ್ ಲೇನ್‌ನಲ್ಲಿ ಅವರ ಮನೆ. ತಮ್ಮ ಹೋದ ಮೇಲೆ ಸೋಮವಾರ ಬರುವುದನ್ನು ಅವರು ತಪ್ಪಿಸಿರಲಿಲ್ಲ. ಬಂದು ಡಬ್ಬಿ ಕೊಟ್ಟು, ಟಿವಿ ನೋಡಿ ಹೋಗುತ್ತಿದ್ದರು. ತಮ್ಮನ ಹೆಸರು ಇಬ್ಬರೂ ಎತ್ತುತ್ತಿರಲಿಲ್ಲ.

ಅವರು ಬಗ್ಗಿ ಸೀಳಿದ ಮರ ಎತ್ತಿ ನೋಡಿದರು. "ಇದು ನಮ್ಮವ್ವನ ಮಣಿ."

"ಹೌದಕ್ಕಾ."

"ನನ್ನ ತಮ್ಮ ಇದರ ಮ್ಯಾಲ ಕೂತು ಉಂಡಾನ."

"ಅವರ ಭಾರ ತಡ್ಕೊಂಡಿದ್ದು ಇದರ ಭಾರಾನೂ ತಡ್ಕೊಳ್ಳುತ್ತೆ ಅಂದ್ಕೊಂಡೆ."

ಅವರಿಗೆ ನಗು ಬಂತು, ತಡೆದುಕೊಂಡರು. "ವ್ಯಾನ್ ತರ್ತೀನಿ ಅಂದಾನಲ್ಲ ಆ ಮನಷ್ಯಾ. ನಿನಗ್ಯಾಕ ಈ ಉಸಾಬರಿ? ನಾಳೆ ಬೆನ್ನು ಹಿಡಕೊಂತು ಅಂದ್ರ ಜಿಪಿ ಡಾಕ್ಟರ್ ಹತ್ರ ಯಾರು ಕರಕೊಂಡ ಹೋಗಬೇಕು? ನಾನ."

"ನೀವೇ ಅಕ್ಕಾ. ಈಗ ಡಬ್ಬಿ ಕೆಳಗಿಟ್ಟು ಈ ಕಡೆ ಬನ್ನಿ."

"ಯಾಕ?"

"ಇದನ್ನ ಒಬ್ಬರು ಎತ್ತಕ್ಕಾಗಲ್ಲ."

ಗಾಡಿ ಬಿದ್ದಾಗಲೇ ನನಗೆ ಅದು ಹೊಳೆದಿತ್ತು. ಬೈಕನ್ನು ಒಂಟಿಯಾಗಿ ಎತ್ತುವಂತೆ ಇದನ್ನು ಎತ್ತಲಾಗದು. ಬೈಕನ್ನು ಸ್ವಲ್ಪ ಎತ್ತಿ, ಅಡಿಗೆ ಮರದ ತುಂಡು ಕೊಟ್ಟು ಇಳಿಸಬೇಕು. ಆಮೇಲೆ ಜಾಕನ್ನು ಸೈಡ್‌ಕಾರಿನ ಕಡೆಗೆ ಒಯ್ದು ಅದನ್ನೂ ಅಷ್ಟೇ ಎತ್ತಿ ತುಂಡು ಕೊಡಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಏರಿಸುತ್ತ ಹೋದರೆ ಗಾಡಿ ವಾಲುವುದಿಲ್ಲ. ಗಾಡಿ ಜಾಕಿನ ಮೇಲಿರುವಾಗ ಹಿಡಿಕೆ ಹಿಡಿದವರು ಕೈ ಬಿಡಬಾರದು ಎಂಬುದು ನನ್ನ ಗಂಡನ ನಿಯಮ. ಹಾಗಾಗಿ ತುಂಡು ತಳ್ಳಲು ಇನ್ನೊಬ್ಬರು ಬೇಕು. ಇಷ್ಟು ವರ್ಷ ಆ ಇನ್ನೊಬ್ಬರು ನಾನಾಗಿದ್ದೆ. ಅವರು "ಇಡು" ಎನ್ನುತ್ತಿದ್ದರು, ನಾನು ತುಂಡು ತಳ್ಳಿ "ಆಯ್ತು" ಎನ್ನುತ್ತಿದ್ದೆ. ಏರಿಸುವ ಕ್ರಮ ನೆನಪಿಡುವ ಅಗತ್ಯವೇ ನನಗೆ ಬಂದಿರಲಿಲ್ಲ.

"ನಾನು ಉಟ್ಟದ್ದು ಮೈಸೂರು ಸಿಲ್ಕ್ ಅದ," ಎಂದರು ನಾದಿನಿ.

"ಅವರ ಓವರಾಲ್ ಅಲ್ಲಿ ನೇತಾಡ್ತಿದೆ. ಮೇಲೆ ಹಾಕ್ಕೊಳ್ಳಿ."

ಗೊಣಗುತ್ತಲೇ ಹಾಕಿಕೊಂಡರು. ಸೀರೆಯ ನೆರಿಗೆಯನ್ನೆಲ್ಲ ಒಳಗೆ ತುರುಕಿ, ಗುಂಡಿ ಹಾಕಿ, ಕಾಲರ್ ಸರಿಮಾಡುವಾಗ ಮುಖವನ್ನು ಅದಕ್ಕೆ ಒತ್ತಿ ಹಾಗೇ ನಿಂತರು. ನಾನು ಜಾಕ್ ಹುಡುಕುವ ನೆಪದಲ್ಲಿ ಕೆಳಗೆ ಬಗ್ಗಿದೆ.

"ಎಣ್ಣಿ ವಾಸನಿ," ಎಂದರು ಕೊನೆಗೆ. "ಏನ ಮಾಡ್ಬೇಕು ಹೇಳು."

ಮರದ ತುಂಡುಗಳು ಬೆಂಚಿನ ಕೆಳಗೆ ಸಿಕ್ಕವು, ಹಲಗೆಯೂ ಅಲ್ಲೇ ಇತ್ತು. ಮಣೆಯ ಎರಡು ಹೋಳುಗಳನ್ನು ನಾನು ಬದಿಗಿಡಲು ಹೋದರೆ ಅವರು ಕಸಿದುಕೊಂಡರು. "ಒಡದದ್ದು ಒಡದ್ಹೋತು. ಗಾಲಿ ಉರುಳಬಾರದಲ್ಲ, ಹಿಂದೊಂದು ಮುಂದೊಂದು ಇದನ್ನ ಹಾಕು." ತಾಯಿಯ ಮಣೆಯನ್ನು ಅವರೇ ಸೈಡ್‌ಕಾರಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಮ್ಮಡಿಯಿಂದ ಒದ್ದು ಬಿಗಿ ಮಾಡಿದರು.

ನಾನು ಹಿಡಿಕೆ ಒತ್ತಿದೆ. ಬೈಕು ಒಂದು ತುಂಡಿನಷ್ಟು ಎದ್ದಿತು. ಅಲ್ಲಿಗೇ ನಿಲ್ಲಿಸಿದೆ.

"ಇಡಿ ಅಕ್ಕಾ."

ಮರ ಸಿಮೆಂಟಿನ ಮೇಲೆ ಉಜ್ಜಿದ ಸದ್ದು. ಆಮೇಲೆ, ಗಾಡಿಯ ಆಚೆಯಿಂದ, "ಆತು."

ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ ಕೇಳಿಸಿತು, ಅದೇ ಊರಿನ ಮಾತು, ಅದೇ ರಾಗ. ಹಿಡಿಕೆ ಹಿಡಿದ ನನ್ನ ಕೈ ಅಲ್ಲೇ ನಿಂತಿತು.

"ಯಾಕ ನಿಂತಿ? ತೋಳು ನೋಯ್ತೇನು?"

"ಇಲ್ಲ."

"ಮತ್ತ ಇಳಸು. ಬಗ್ಗಿ ಬಗ್ಗಿ ನನ್ನ ಸೊಂಟಾ ಹೋತು."

ಇಳಿಸಿದೆ. ಜಾಕನ್ನು ಎಡಕ್ಕೆ ಒಯ್ದೆ. "ಇಡಿ." "ಆತು." ಮತ್ತೆ ಬಲಕ್ಕೆ. ನಾನು ಕೇಳುವ ಮೊದಲೇ ಅವರು ತುಂಡು ಹಿಡಿದು ಕಾಯತೊಡಗಿದರು. ಒಮ್ಮೆ ನಾನು ಅವಸರಪಟ್ಟು ಹೆಚ್ಚು ಎತ್ತಿದಾಗ, "ಸಾವಕಾಶ. ಎಡಕ್ಕ ವಾಲ್ತದ" ಎಂದು ಗದರಿದರು. ಹೊರಗೆ ಬೆಳಕು ಇಳಿಯುವ ಹೊತ್ತಿಗೆ ಗಾಡಿ ಮರದ ಮೇಲೆ ನೆಟ್ಟಗೆ ಕೂತಿತ್ತು. ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಸುಮ್ಮನೆ ಸುತ್ತಿತು. ನಾದಿನಿಯೂ ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ನಾವು ಅಲ್ಲೇ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಚಪಾತಿ ತಿಂದೆವು. ಅವರು ತಮ್ಮನ ಬಗ್ಗೆ, ಸಣ್ಣವನಿದ್ದಾಗ ಬಾವಿಯ ರಾಟೆ ಬಿಚ್ಚಿ ಮತ್ತೆ ಜೋಡಿಸಲಾಗದೆ ಅಡಗಿ ಕೂತಿದ್ದ ಕಥೆ ಹೇಳಿದರು. ನನಗೆ ಅದು ಗೊತ್ತಿರಲಿಲ್ಲ.

ಮರುದಿನ ಚಕ್ರ ಬಿಚ್ಚಿದೆ. ಯಾವ ನಟ್ಟಿಗೆ ಯಾವ ಸ್ಪ್ಯಾನರ್ ಎಂಬುದು, ಇಷ್ಟು ವರ್ಷ ಅವರಿಗೆ ಎತ್ತಿ ಕೊಟ್ಟ ನನ್ನ ಕೈಗೆ ಗೊತ್ತಿತ್ತು. ತರಕಾರಿ ತರುವ ತಳ್ಳುಚೀಲದಲ್ಲಿ ಚಕ್ರ ಹಾಕಿಕೊಂಡು ಟೈರಿನ ಅಂಗಡಿಗೆ ನಡೆದೆ. ಹೊಸ ಟೈರಿನೊಡನೆ ಮರಳಿದ ಚಕ್ರವನ್ನು ಕೂರಿಸಿ, ಚೈನ್ ಹಾಕಿ, ಬ್ರೇಕ್ ಬಿಗಿ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಾಡಿದೆ. ಶುಕ್ರವಾರ ನಾದಿನಿ ಬಂದರು, ಈ ಸಲ ಹಳೆಯ ನೂಲಿನ ಸೀರೆ ಉಟ್ಟು. ಏರಿಸಿದ ಹಾಗೆಯೇ ಅಲ್ಲೊಂದು ಇಲ್ಲೊಂದು ತುಂಡು ತೆಗೆಯುತ್ತ ಗಾಡಿಯನ್ನು ನೆಲಕ್ಕೆ ಇಳಿಸಿದೆವು.

ಶನಿವಾರ ಆ ಮನುಷ್ಯ ಹೆಲ್ಮೆಟ್ ಹಿಡಿದು ಬಂದರು. ವಯಸ್ಸಾದವರು. ಬ್ಯಾಟರಿ, ಪೆಟ್ರೋಲು ತಾವೇ ತಂದಿದ್ದರು. ಮಂಡಿಯೂರಿ ಬ್ರೇಕು, ಚೈನು, ನಟ್ಟುಗಳನ್ನೆಲ್ಲ ಒಂದೊಂದಾಗಿ ನೋಡಿದರು. ಅಷ್ಟು ಹೊತ್ತೂ ನಾನೂ ನಾದಿನಿಯೂ ಪರೀಕ್ಷೆಗೆ ಕೂತವರಂತೆ ನಿಂತಿದ್ದೆವು. ಎದ್ದು ಕೈ ಒರೆಸಿಕೊಂಡು, "ವ್ಯಾನ್ ಬೇಕಾಗಿಲ್ಲ" ಎಂದರು.

ಎಂಜಿನ್ ಐದಾರು ಒದೆತಕ್ಕೆ ಹೊಗೆ ಉಗುಳಿ ಎದ್ದಿತು. ಅವರು ಖಾಲಿ ಸೈಡ್‌ಕಾರ್ ನೋಡಿ, ಭಾರಕ್ಕೆ ಇಡಲು ಮರಳಿನ ಚೀಲವಿದೆಯೇ ಎಂದು ಕೇಳಿದರು. ನಾನು ಒಳಗೆ ಹೋಗಿ ಅಕ್ಕಿ ಚೀಲ ಎಳೆದು ತಂದೆ.

"ಹೊಸಾ ಚೀಲ ಅದ ಅದು," ಎಂದರು ನಾದಿನಿ.

"ಗೊತ್ತು ಅಕ್ಕಾ. ಆ ತುದಿ ಹಿಡ್ಕೊಳ್ಳಿ."

ಅಕ್ಕಿಯನ್ನು ನನ್ನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟಿದೆ. ಭಾರ ಸಾಲದೆಂದು ಜಾಕನ್ನೂ ಮರದ ತುಂಡುಗಳನ್ನೂ ಕಾಲಿನ ಜಾಗಕ್ಕೆ ಇಟ್ಟೆ. ಅವು ಇನ್ನು ನನಗೆ ಯಾಕೆ? "ಎತ್ತುವಾಗ ಇಬ್ಬರಿರಬೇಕು," ಎಂದು ಆ ಮನುಷ್ಯನಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಗಾಡಿ ಗೇಟು ದಾಟಿ ರಸ್ತೆಗಿಳಿಯಿತು. ನಮ್ಮ ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಬೇಕು. ನಾನು ಬೇರೇನನ್ನೂ ನೋಡದೆ ಸೈಡ್‌ಕಾರಿನ ಚಕ್ರವನ್ನೇ ನೋಡುತ್ತಿದ್ದೆ. ತಿರುವಿನಲ್ಲಿ ಗಾಡಿ ನಿಧಾನವಾಯಿತು, ತಿರುಗಿತು. ಚಕ್ರ ನೆಲ ಬಿಡಲಿಲ್ಲ.

ಸದ್ದು ಪೂರ್ತಿ ಅಡಗುವವರೆಗೆ ನಿಂತಿದ್ದೆವು. ಆ ದಿನವೂ ಓವರಾಲ್ ತೊಟ್ಟಿದ್ದ ನಾದಿನಿ ನನ್ನ ಮೊಣಕೈ ಹಿಡಿದರು.

"ನಡಿ ಒಳಗ. ಅಕ್ಕಿ ಅಂತೂ ಹೋತು. ಚಪಾತಿ ಹಿಟ್ಟರ ಅದನೋ ಇಲ್ಲೋ?"